ಪಕ್ಕದ ಸೀಟಿನ ಬ್ರೇಕ್

ಡಿಸೆಂಬರ್ ೨೯

ಅಕ್ಕನಿಗೆ ತಂಗಿಯ ನಮಸ್ಕಾರ.

ನಿನ್ನ ಕಾಗದ ಬಂದು ಮೂರು ತಿಂಗಳಾಯಿತು. ಉತ್ತರ ಬರಲಿಲ್ಲ ಅಂತ ಮುಖ ಊದಿಸಿಕೊಂಡಿರುತ್ತೀಯ, ಗೊತ್ತು. ನಾಲ್ಕು ಸಲ ಬರೆದೆ, ನಾಲ್ಕು ಸಲವೂ ಹರಿದು ಹಾಕಿದೆ. ಈಗಲೂ ಕೂತಲ್ಲಿ ಕೂರಲಾಗುತ್ತಿಲ್ಲ. ಎರಡು ಸಾಲಿಗೊಮ್ಮೆ ಎದ್ದು ಕಿಟಕಿಯವರೆಗೆ ಹೋಗಿ ಬರುತ್ತಿದ್ದೇನೆ. ಭಾವನ ಬೆನ್ನುನೋವು ಹೇಗಿದೆ? ಮಗಳ ಪರೀಕ್ಷೆ ಮುಗಿಯಿತಾ?

ಇಲ್ಲಿ ನಾನು ಕಲಿಸುವ ಡ್ರೈವಿಂಗ್ ಸ್ಕೂಲಿನ ಯಜಮಾನರು ಸ್ಕೂಲು ಬಿಟ್ಟುಕೊಡುತ್ತಿದ್ದಾರೆ. ಮೊನ್ನೆ ಕರೆದು, "ಮಂಡಿ ಹೋಯ್ತಮ್ಮ ನಂದು, ಇನ್ನು ಪೆಡಲ್ ತುಳಿಯೋಕಾಗಲ್ಲ. ಎರಡು ಕಾರೂ, ಈ ರೂಮೂ ನೀನೇ ತಗೊಂಡು ನಡೆಸು. ಜನವರಿ ಹದಿನೈದರೊಳಗೆ ಹೇಳು, ಇಲ್ಲಾಂದ್ರೆ ಬೇರೆಯವರಿಗೆ ಕೊಟ್ಬಿಡ್ತೀನಿ" ಅಂದರು. ತಲೆಯಾಡಿಸಿ ಬಂದೆ. ಎರಡು ಕಾರಿಗೆ ಇಬ್ಬರು ಬೇಕು. ಆ ಇನ್ನೊಬ್ಬಳು ಯಾರು ಅಂತ ನಿನಗೂ ಗೊತ್ತು, ನನಗೂ ಗೊತ್ತು.

ನಿನ್ನೆ ಆಫೀಸಿನ ಡ್ರಾಯರ್ ಖಾಲಿ ಮಾಡುವಾಗ ಹಳೇ ಡೈರಿಗಳು ಸಿಕ್ಕವು, ಒಂಬತ್ತು. ಎಲ್ಲದರ ಮೊದಲ ಪುಟದಲ್ಲೂ ನನ್ನದೇ ದಪ್ಪ ಅಕ್ಷರ: 'ಈ ವರ್ಷ ಅಕ್ಕನೂ ನಾನೂ ಸೇರಿ ಹೆಂಗಸರಿಗೇ ಒಂದು ಸ್ಕೂಲು.' ಎರಡನೇ ಪುಟದಿಂದ ಬರೀ ಕಾರಿನ ಸರ್ವೀಸು, ಯಾರ್ಯಾರದೋ ಟೆಸ್ಟಿನ ತಾರೀಖು. ಒಂದು ವರ್ಷ ನಿನ್ನ ಮಗಳಿಗೆ ಕಾಮಾಲೆ, ಒಂದು ವರ್ಷ ಭಾವನಿಗೆ ವರ್ಗ, ಇನ್ನೊಂದು ವರ್ಷ ಯಾಕೆ ಬಿಟ್ಟೆವೋ ನೆನಪೇ ಇಲ್ಲ. ಮೈಯೆಲ್ಲ ಉರಿದುಹೋಯಿತು. ಒಂಬತ್ತನ್ನೂ ಕಸದ ಬುಟ್ಟಿಗೆ ಎಸೆದೆ. ಆಮೇಲೆ ಹೋಗಿ ಎತ್ತಿಕೊಂಡು ಬಂದೆ.

ನೀನು ಏನನ್ನುತ್ತೀಯ ಅಂತಲೂ ಗೊತ್ತು. "ನನ್ನ ಕಾಲು ನನ್ನ ಮಾತು ಕೇಳಲ್ಲ ಕಣೆ, ಬಿಟ್ಬಿಡು." ಅಯ್ಯೋ, ಒಂದು ಟೆಸ್ಟ್ ಫೇಲಾದದ್ದಕ್ಕೆ ಒಂಬತ್ತು ವರ್ಷ ಸ್ಟೀರಿಂಗ್ ಮುಟ್ಟದೆ ಕೂತೆಯಲ್ಲ! ತರಕಾರಿ ತರಬೇಕೆಂದರೂ ಭಾವ ಬರುವುದನ್ನೇ ಕಾಯುತ್ತೀಯ. ನನ್ನ ಹತ್ತಿರ ಕಲಿಯಲು ಒಬ್ಬರು ಹಲ್ಲಿನ ಡಾಕ್ಟರಮ್ಮ ಬರುತ್ತಿದ್ದರು, ಗೇರ್ ಹಾಕುವಾಗಲೆಲ್ಲ ಕಣ್ಣು ಮುಚ್ಚುವವರು. "ಮೇಡಂ, ಹಲ್ಲು ಕೀಳೋವಾಗ್ಲೂ ಹೀಗೇನಾ?" ಅಂತ ರೇಗಿಬಿಟ್ಟೆ. ಅವರಿಗೂ ಹೋದ ವಾರ ಲೈಸೆನ್ಸ್ ಬಂತು! ನೀನೋ, ಮೂರನೇ ದಿನಕ್ಕೇ ಏರಿನಲ್ಲಿ ಗಾಡಿ ಒಂದಿಷ್ಟೂ ಹಿಂದೆ ಜಾರದಂತೆ ಎತ್ತಿದವಳು.

ಕಲಿಸುವವರಿಗೆ ಅಂತ ಪಕ್ಕದ ಸೀಟಿಗೂ ಒಂದು ಬ್ರೇಕ್ ಇರುತ್ತದಲ್ಲ, ಅಲ್ಲಿ ಕೂತೂ ಕೂತೂ ನನ್ನ ಕಾಲೇ ಕೆಟ್ಟುಹೋಗಿದೆ. ಬಸ್ಸಿನಲ್ಲಿ ಕೂತರೂ ಬ್ರೇಕ್ ಹುಡುಕುತ್ತದೆ. ಮೊನ್ನೆ ಯಾವುದೋ ಅಜ್ಜಿಯ ಬುಟ್ಟಿ ತುಳಿದು ಚೆನ್ನಾಗಿ ಬೈಸಿಕೊಂಡೆ.

ಹತ್ತನೇ ತಾರೀಖಿನೊಳಗೆ ಬಾ. ಮೊದಲು ಆಫೀಸು ನೋಡಿಕೋ, ಜೊತೆಗೆ ಕಲಿ. ಲೈಸೆನ್ಸ್ ಬಂದು ಕೈ ಪಳಗಿದ ಮೇಲೆ ಎರಡನೇ ಕಾರು ನಿನ್ನದು. ಮುಂದಿನ ವರ್ಷ ನೋಡೋಣ ಅಂತ ಮಾತ್ರ ಬರೆಯಬೇಡ, ನಿನ್ನ ಕಾಲಿಗೆ ಬೀಳುತ್ತೇನೆ.

ಹೊಸ ವರ್ಷ ನಿಮಗೆಲ್ಲ ಒಳ್ಳೆಯದು ಮಾಡಲಿ. ಮಗಳಿಗೆ ಚಿಕ್ಕಮ್ಮನ ಆಶೀರ್ವಾದ. ನೂರು ಕಾಲ ಬಾಳಲಿ, ಅಮ್ಮನಷ್ಟು ಮೊಂಡಿ ಆಗದಿರಲಿ.

ನಿನ್ನ
ಸಿಡುಕಿ

ತಾ.ಕ. ಮರೆತಿದ್ದೆ ಅನ್ನಲಾರೆ, ಮರೆತಿರಲಿಲ್ಲ: ನಾಲ್ಕು ಕಾಗದ ಹರಿದದ್ದು ಇದನ್ನು ಬರೆಯಲಾಗದೆ. ನಿನ್ನ ಟೆಸ್ಟಿನ ದಿನ ತಿರುವಿನಲ್ಲಿ ಒಬ್ಬ ಮುದುಕ ಸೈಕಲ್ ತಳ್ಳಿಕೊಂಡು ಅಡ್ಡ ಬಂದನಲ್ಲ, ಗಾಡಿ ಗಕ್ಕನೆ ನಿಂತು ಆಫಾಯಿತಲ್ಲ, ಹಿಂದೆ ಕೂತಿದ್ದ ಇನ್‌ಸ್ಪೆಕ್ಟರ್ ಫೇಲ್ ಅಂತ ಬರೆದುಕೊಂಡರಲ್ಲ, ಆ ಬ್ರೇಕ್ ಒತ್ತಿದ್ದು ಪಕ್ಕದ ಸೀಟಿನಲ್ಲಿದ್ದ ನಾನು. ನನ್ನ ಪೆಡಲ್ ಒತ್ತಿದರೆ ನಿನ್ನದೂ ತಾನಾಗಿ ಕೆಳಗಿಳಿಯುತ್ತದೆ. ಅದಕ್ಕೇ ನೀನು ನಿನ್ನ ಕಾಲೇ ಗಾಬರಿಯಾಗಿ ಒತ್ತಿಬಿಟ್ಟಿತು ಅಂದುಕೊಂಡೆ. ನೀನಾಗಲೇ ನಿಧಾನ ಮಾಡುತ್ತಿದ್ದೆ ಅಕ್ಕ, ಮುದುಕನಿಗೆ ಬೇಕಾದಷ್ಟು ಜಾಗ ಇತ್ತು. ಅವನನ್ನು ನೋಡಿ ಹೆದರಿದೆನೋ, ನೀನು ಪಾಸಾದರೆ ನಮ್ಮದೇ ಸ್ಕೂಲಿಗೆ ಅಂತ ನಾನು ಈ ಕೆಲಸ ಬಿಟ್ಟು ಹೊರಡಲೇಬೇಕಲ್ಲ ಅಂತ ಹೆದರಿದೆನೋ, ಇವತ್ತಿಗೂ ಗೊತ್ತಿಲ್ಲ. ನೀನು ಮನೆ ತಲುಪುವವರೆಗೂ ಅಳುತ್ತಿದ್ದೆ. ನಾನು "ಹೋಗ್ಲಿ ಬಿಡಕ್ಕ" ಅಂದೆ. ನಿನ್ನ ಕಾಲು ನಿನ್ನ ಮಾತು ಕೇಳಿತ್ತು. ಬೈಯುವುದಕ್ಕಾದರೂ ಬಾ. ನೀನು ಗಾಡಿ ಓಡಿಸು, ಮಂಡಿ ಹೋದ ಯಜಮಾನರು ಪಕ್ಕದಲ್ಲಿ ಕೂರಲಿ, ನಾನು ಹಿಂದಿನ ಸೀಟಿನಲ್ಲಿ ಕೂತು ಬೈಸಿಕೊಳ್ಳುತ್ತೇನೆ. ಅಲ್ಲಿ ಬ್ರೇಕ್ ಇಲ್ಲ.