ಕುಂಕುಮ ಇಟ್ಟ ನಲ್ಲಿ

ಸೋಲದೇವನಹಳ್ಳಿ
ಶನಿವಾರ ಬೆಳಿಗ್ಗೆ

ಮಾವನವರಿಗೆ ರೂಪಕಲಾಳ ನಮಸ್ಕಾರ.

ನಿಮ್ಮ ಫೋನ್ ಸ್ವಿಚ್ಡ್ ಆಫ್ ಬರುತ್ತಿದೆ, ನಾದಿನಿಯೂ ಎತ್ತುತ್ತಿಲ್ಲ. ಅದಕ್ಕೇ ಆಟೊದವರ ಕೈಯಲ್ಲಿ ವಿದ್ಯಾರಣ್ಯಪುರದ ಅವಳ ಮನೆಗೆ ಇದನ್ನು ಕಳಿಸುತ್ತಿದ್ದೇನೆ. ಮಗುವಿನ ಜ್ವರ ಇಳಿಯಿತೇ?

ನಮ್ಮ ಶೆಡ್ಡಿನಲ್ಲಿ ಕಬ್ಬಿಣದ ತುಕ್ಕು ತೆಗೆಯುವ ಆಸಿಡ್ ಟ್ಯಾಂಕಿಗೆ ಆಯುಧಪೂಜೆಯ ದಿನ ನೀವು ಹಳೇ ಪ್ಲಾಸ್ಟಿಕ್ಕಿನ ನಲ್ಲಿ ತೆಗೆಸಿ, ಹೊಳೆಯುವ ಸ್ಟೀಲಿನ ನಲ್ಲಿ ಹಾಕಿಸಿದಿರಿ. ನೋಡಲು ಲಕ್ಷಣವಾಗಿಯೇ ಇದೆ. ಆದರೆ ಆಸಿಡ್ ತಂದುಕೊಡುವವರು ನಿನ್ನೆ ಅದನ್ನು ನೋಡಿ ಹೌಹಾರಿದರು. ನೀರಿಗೆ ಜಗ್ಗದ ಸ್ಟೀಲನ್ನೂ ಈ ಆಸಿಡ್ ತಿಂದುಹಾಕುತ್ತದಂತೆ, ಆ ಪ್ಲಾಸ್ಟಿಕ್ಕನ್ನು ಮಾತ್ರ ಏನೂ ಮಾಡುವುದಿಲ್ಲವಂತೆ.

ನಿಮ್ಮ ಮಗನಿಗೆ ಹೇಳಿದೆ. "ಅಪ್ಪ ಕಾಯಿ ಒಡೆದು ಆಕ್ಸಿರೋದನ್ನ ನಾನ್ ಬಿಚ್ಚಕ್ಕಾಯ್ತದೇನೇ?" ಅನ್ನುತ್ತಾರೆ. ನೀವು ಒಂದು ಮಾತು ಹೇಳಿದರೆ ಟ್ಯಾಂಕ್ ಖಾಲಿ ಮಾಡಿಸಿ ಬದಲಾಯಿಸುತ್ತಾರೆ. ಹಳೇ ನಲ್ಲಿಯನ್ನು ನಾನು ಎಸೆದಿಲ್ಲ, ತೊಳೆದು ಇಟ್ಟಿದ್ದೇನೆ.

ದಯವಿಟ್ಟು ಇದೇ ಆಟೊದಲ್ಲಿ ಬಂದುಬಿಡಿ. ನಲ್ಲಿಗೆ ನೀವು ಇಟ್ಟಿದ್ದ ಕುಂಕುಮ ಇವತ್ತು ಒದ್ದೆಯಾಗಿ ಕೆಳಗೆ ಇಳಿದಿದೆ. ಅಲ್ಲಿಗೆ ಯಾರೂ ನೀರು ಹಾಕಿಲ್ಲ. ಇವರು ಅದರ ಪಕ್ಕದಲ್ಲೇ ಕೆಲಸ ಮಾಡುತ್ತಿದ್ದಾರೆ.

ನಿಮ್ಮ ದಾರಿ ಕಾಯುತ್ತಿರುವ ಸೊಸೆ,
ರೂಪಕಲಾ