ಸಾಗಹಾಕಿದವರೂ ಉತ್ತರ ಹೇಳಲಿ

ತೋರಣಗೇರಿ, ನಾಲ್ಕನೆಯ ವಾರ್ಡು.
ಪ್ರಜೋತ್ಪತ್ತಿ ಸಂವತ್ಸರ, ಚೈತ್ರ ಬಹುಳ ಬಿದಿಗೆ. ನಿಮ್ಮ ಲೆಕ್ಕಕ್ಕೆ ಕ್ರಿಸ್ತಶಕ 2171. ನಮ್ಮ ಲೆಕ್ಕಕ್ಕೆ ಇನ್ನೂರ ಹದಿಮೂರನೆಯ ಪಾಳಿಯ ಹದಿನೇಳನೆಯ ದಿನ.

ನೂರೈವತ್ತು ವರ್ಷ ಹಿಂದಿನ ಹಿರಿಯರಿಗೆ, ಬೀಜದ ಮನೆಯ ಸಾವಂತ್ರೆವ್ವ ಗಾಣಿಗೇರ ಮಾಡುವ ಶರಣು.

ನನ್ನ ಕೆಲವು ಮಾತು ನಿಮಗೆ ವಿಚಿತ್ರವಾಗಿ ಕೇಳಿಸಬಹುದು, ಮನ್ನಿಸಿ. ಈ ಪತ್ರ ನಿಮಗೆ ತಲುಪುವುದಿಲ್ಲ ಎಂಬುದು ನನಗೆ ಗೊತ್ತಿದೆ. ಆದರೂ ಬರೆಯುವುದು ಕಾನೂನು. ನಮ್ಮಲ್ಲಿ ತಿದ್ದುಪಡಿ ಚುನಾವಣೆಗೆ, ಅಂದರೆ ಕಾನೂನು ಬದಲಿಸಲು ಓಟು ಕೇಳುವ ಚುನಾವಣೆಗೆ, ನಿಲ್ಲುವವರು ಪ್ರಣಾಳಿಕೆ ಹಂಚುವಂತಿಲ್ಲ, ಧ್ವನಿವರ್ಧಕ ಕಟ್ಟಿ ಊರು ಸುತ್ತುವಂತಿಲ್ಲ. ಗತಿಸಿದ ಹಿರಿಯರಿಗೆ ಒಂದು ಪತ್ರ ಬರೆಯಬೇಕು, ಅಷ್ಟೇ. ಬದುಕಿರುವ ನಿಮ್ಮನ್ನು ಗತಿಸಿದವರು ಎನ್ನಲು ನನಗೂ ಸಂಕೋಚವಾಗುತ್ತದೆ. ನಿಮಗೆ ಇಲ್ಲಿ ಓಟಿಲ್ಲ, ಹೊಲವಿಲ್ಲ, ಬೀಗರಿಲ್ಲ. ಓಟಿಲ್ಲದವರ ಮುಂದೆ ಮನುಷ್ಯ ಸುಳ್ಳು ಹೇಳುವುದು ಕಡಿಮೆ ಎಂದು ಈ ಕಾನೂನು ಮಾಡಿದವರು ನಂಬಿದ್ದರು. ಪತ್ರವನ್ನು ಚುನಾವಣೆಯ ಹಿಂದಿನ ಭಾನುವಾರ ಚಾವಡಿಯ ಮುಂದೆ ಎಲ್ಲರಿಗೂ ಓದಿ ಹೇಳುತ್ತಾರೆ. ಆಮೇಲೆ ಜನ ಓಟು ಹಾಕುತ್ತಾರೆ.

ಮೊದಲು ಪಾಳಿ ಅಂದರೇನು ಹೇಳುತ್ತೇನೆ. ಕಾಲುವೆ ನೀರನ್ನು ರೈತರು ಪಾಳಿಯ ಮೇಲೆ ಬಿಟ್ಟುಕೊಳ್ಳುವುದು ನಿಮಗೆ ಗೊತ್ತೇ ಇದೆ. ಇಂದು ನಿನಗೆ, ನಾಳೆ ನನಗೆ. ನಾವು ಅಧಿಕಾರವನ್ನೂ ಹಾಗೆಯೇ ಹಂಚಿಕೊಂಡಿದ್ದೇವೆ. ಯುಗಾದಿಗೊಮ್ಮೆ, ದಸರೆಗೊಮ್ಮೆ ವಾರ್ಡಿನ ಎಲ್ಲರ ಹೆಸರಿನ ಚೀಟಿಗಳನ್ನು ಹಿತ್ತಾಳೆ ಕೊಡದಲ್ಲಿ ಹಾಕಿ ಏಳು ಚೀಟಿ ಎತ್ತುತ್ತಾರೆ. ಚೀಟಿ ಬಂದವರು ತಮ್ಮ ಕೆಲಸ ಬಿಟ್ಟು ಆರು ತಿಂಗಳು ಚಾವಡಿಯಲ್ಲಿ ಕೂರಬೇಕು. ಅವರೇ ಸರ್ಕಾರ. ಬಡಿಗ, ದರ್ಜಿ, ನರ್ಸು, ಕುರಿ ಕಾಯುವವನು, ಯಾರಾದರೂ ಸರಿಯೇ. ಆರು ತಿಂಗಳಾದ ಮೇಲೆ ಬಡಿಗ ತನ್ನ ಉಳಿ ಹಿಡಿಯುತ್ತಾನೆ, ಕುರಿಯವನು ಕುರಿಯ ಹಿಂದೆ ಹೋಗುತ್ತಾನೆ. ನಿಮ್ಮ ಕಾಲದಲ್ಲಿ ಕುರ್ಚಿ ಸಿಕ್ಕವರು ಏಳುತ್ತಲೇ ಇರಲಿಲ್ಲವಂತೆ. ಎದ್ದರೂ ಮಗನನ್ನೋ ಅಳಿಯನನ್ನೋ ಕೂರಿಸಿ ಏಳುತ್ತಿದ್ದರಂತೆ. ನಿಮ್ಮ ಮಕ್ಕಳು ಮೊಮ್ಮಕ್ಕಳು ಅದಕ್ಕೆ ಬೇಸತ್ತು ಪಾಳಿ ತಂದರು. ಅದು ಒಳ್ಳೆಯ ಕೆಲಸ. ಈ ನೂರಾ ಆರು ವರ್ಷಗಳಲ್ಲಿ ನಮ್ಮ ಚಾವಡಿಯಲ್ಲಿ ಒಬ್ಬರೂ ಲಂಚ ಮುಟ್ಟಿದ್ದು ನಾನು ಕೇಳಿಲ್ಲ. ಆರು ತಿಂಗಳ ಗಿರಾಕಿಗೆ ಲಂಚ ಕೊಡುವ ದಡ್ಡರು ಯಾರು?

ಒಂದೊಂದು ಕಡತವನ್ನು ಏಳು ಜನರಲ್ಲಿ ಒಬ್ಬರು ತೀರ್ಮಾನಿಸುತ್ತಾರೆ, ಆದರೆ ಕಡತದ ಮೇಲೆ ತಮ್ಮ ಹೆಸರು ಬರೆಯುವುದಿಲ್ಲ, ಒಂದು ಸಂಖ್ಯೆ ಹಾಕುತ್ತಾರೆ. ಹೆಸರು ಗೊತ್ತಾದರೆ ಒಬ್ಬ ಹಾರ ಹಿಡಿದು ಬರುತ್ತಾನೆ, ಇನ್ನೊಬ್ಬ ಬಡಿಗೆ ಹಿಡಿದು ಬರುತ್ತಾನೆ ಎಂಬ ಭಯದಿಂದ ಮಾಡಿದ ನಿಯಮವಿದು. ಆದರೆ ಪಾಳಿಯ ಕಡೆಯ ದಿನ ಉತ್ತರದ ದಿನ. ಯಾವ ಕಡತಕ್ಕೆ ಹೂಂ ಎಂದಿದ್ದೀರೋ, ಯಾವುದಕ್ಕೆ ಊಹೂಂ ಎಂದಿದ್ದೀರೋ ಅದಕ್ಕೆಲ್ಲ ಕಟ್ಟೆಯ ಮೇಲೆ ನಿಂತು ಜನರಿಗೆ ಕಾರಣ ಹೇಳಬೇಕು. ನಮ್ಮ ಜನ ಬಲು ಕೊಂಕಿನವರು. ನೀರಿನ ಟಾಕಿಯನ್ನು ಎರಡು ಮಾರು ಆ ಕಡೆ ಕಟ್ಟಿಸಿದ್ದಕ್ಕೆ ಒಬ್ಬ ನೇಕಾರನನ್ನು ಬೆಳಗಿನಿಂದ ಸಂಜೆಯತನಕ ನಿಲ್ಲಿಸಿ ಕೇಳಿದ್ದನ್ನು ನಾನೇ ನೋಡಿದ್ದೇನೆ. ಪಾಪ, ಅವನು ಆಮೇಲೆ ಒಂದು ವಾರ ಮಗ್ಗಕ್ಕೆ ಕೂರಲಿಲ್ಲ.

ಹೂಂ, ಊಹೂಂ ಎರಡೂ ಅಲ್ಲದ ಮೂರನೆಯ ದಾರಿಯೊಂದಿದೆ. ಕಡತದ ಮೇಲೆ 'ಮುಂದಿನ ಪಾಳಿಗೆ' ಎಂದು ಬರೆದುಬಿಡುವುದು. ಇದಕ್ಕೆ ನಾವು ಸಾಗಹಾಕುವುದು ಎನ್ನುತ್ತೇವೆ. ಸಾಗಹಾಕಿದ ಕಡತಕ್ಕೆ ಯಾರೂ ಕಟ್ಟೆಯ ಮೇಲೆ ಉತ್ತರ ಹೇಳಬೇಕಾಗಿಲ್ಲ, ಏಕೆಂದರೆ ಅಲ್ಲಿ ನಿರ್ಧಾರವೇ ಆಗಿಲ್ಲ. ಹಾವೂ ಸಾಯಬಾರದು, ಕೋಲೂ ಮುರಿಯಬಾರದು. ಮೊದಮೊದಲು ಹತ್ತಕ್ಕೊಂದು ಕಡತ ಹೀಗೆ ಹೋಗುತ್ತಿತ್ತಂತೆ. ಈಗ ಹತ್ತರಲ್ಲಿ ಎಂಟು ಹೋಗುತ್ತವೆ. ಚಾವಡಿಯ ದಿನ ಹೇಗೆ ಕಳೆಯುತ್ತದೆಂದರೆ, ಬೆಳಿಗ್ಗೆ ಏಳೂ ಜನ ಬರುತ್ತಾರೆ, ಮಂಡಕ್ಕಿ ಮಿರ್ಚಿ ತರಿಸುತ್ತಾರೆ, ಒಂದೊಂದೇ ಕಡತವನ್ನು ಭಕ್ತಿಯಿಂದ ಓದುತ್ತಾರೆ, ಅರ್ಜಿದಾರರ ಕಷ್ಟ ಕೇಳಿ ಅಯ್ಯೋ ಪಾಪ ಎನ್ನುತ್ತಾರೆ. ಆಮೇಲೆ ಮುಂದಿನ ಪಾಳಿಗೆ ಎಂದು ಬರೆದು ದಾರ ಸುತ್ತುತ್ತಾರೆ. ನಿಮ್ಮ ಕಾಲದ ಅಧಿಕಾರಿ ಬೈದು ಕಳಿಸುತ್ತಿದ್ದನಂತೆ, ನಮ್ಮವರು ಚಹಾ ಕುಡಿಸಿ ಕಳಿಸುತ್ತಾರೆ. ಕೆಲಸವಾಗದಿರುವುದು ಎರಡು ಕಡೆಯೂ ಒಂದೇ.

ನಾನು ಕೇಳುತ್ತಿರುವ ತಿದ್ದುಪಡಿ ಇಷ್ಟೇ. ಸಾಗಹಾಕಿದವರೂ ಕಟ್ಟೆ ಹತ್ತಲಿ. ಅವರ ಹೆಸರೂ ಕಾರಣವೂ ಕಡತದಲ್ಲಿ ಬರಲಿ. ಒಂದು ಕಡತವನ್ನು ಒಮ್ಮೆ ಸಾಗಹಾಕಬಹುದು, ಎರಡನೆಯ ಪಾಳಿ ಹೂಂ ಅಥವಾ ಊಹೂಂ ಎನ್ನಲೇಬೇಕು. ಮಾಡಿದ್ದುಣ್ಣೋ ಮಹರಾಯ ಎಂದು ನೀವು ಹೇಳುತ್ತಿದ್ದಿರಿ, ನಾವೂ ಹೇಳುತ್ತೇವೆ. ಮಾಡದೆ ಬಿಟ್ಟಿದ್ದನ್ನು ಉಣ್ಣುವವರು ಯಾರು ಎಂದು ಮಾತ್ರ ಯಾರೂ ಕೇಳಲಿಲ್ಲ.

ಇಷ್ಟು ಸಣ್ಣ ಮಾತಿಗೆ ನನ್ನ ಮೇಲೆ ಎರಡು ಗುಂಪಿನವರೂ ಮುನಿಸಿಕೊಂಡಿದ್ದಾರೆ. ಪಾಳಿ ಕಾಯುವವರು ಎಂದು ಕರೆದುಕೊಳ್ಳುವವರಿಗೆ ಪಾಳಿಯ ಒಂದು ಅಕ್ಷರ ಅಲುಗಿದರೂ ಮಹಾಪಾಪ. ಇನ್ನೊಂದು ಗುಂಪಿಗೆ ಪಾಳಿಯೇ ಬೇಡ. ಗಟ್ಟಿ ಆಳೊಬ್ಬನಿಗೆ ಹತ್ತು ವರ್ಷ ಕೊಟ್ಟುಬಿಡಿ, ಕೆಲಸ ಹೇಗಾಗುವುದಿಲ್ಲ ನೋಡೋಣ ಎನ್ನುತ್ತಾರೆ. ನಿಮ್ಮ ಕಾಲದ ಕಥೆ ಅವರು ಓದಿಲ್ಲ. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಎಂಬ ಹಾಗೆ ಇಬ್ಬರೂ ನನ್ನನ್ನು ತಮ್ಮ ಕಡೆ ಎಳೆದು ನೋಡಿದರು. ನಾನು ಯಾರ ಕಡೆಗೂ ಹೋಗಲಿಲ್ಲ. ಇಲಿ ಬಂತೆಂದು ಮನೆಗೆ ಬೆಂಕಿ ಹಚ್ಚುವುದೂ ಬೇಡ, ಇಲಿಗೆ ಆರತಿ ಎತ್ತುವುದೂ ಬೇಡ ಎಂದೆ. ಒಂಟಿಯಾಗಿ ನಿಂತೆ.

ಈ ಚುನಾವಣೆ ಹನ್ನೆರಡು ವರ್ಷಕ್ಕೊಮ್ಮೆ ಬರುತ್ತದೆ. ಕಂಡಕಂಡವರು ಕಾನೂನು ತಿದ್ದಲು ಹೊರಡಬಾರದೆಂದು ಒಂದು ಕಟ್ಟು ಹಾಕಿದ್ದಾರೆ. ಸೋತವರು ಮುಂದಿನ ಹನ್ನೆರಡು ವರ್ಷ ವಾರ್ಡಿನ ಸಭೆಯಲ್ಲಿ ಬಾಯಿ ತೆರೆಯುವಂತಿಲ್ಲ. ಬರಬಹುದು, ಕೂರಬಹುದು, ಕೈ ಎತ್ತಬಹುದು. ನನಗೆ ಈಗ ಐವತ್ತೊಂದು. ನನ್ನ ಗಂಡ ಕಲ್ಲಿನಾಥನಿಗೆ ಇದನ್ನು ಹೇಳಿದಾಗ ಅವನು ನಕ್ಕು, "ಹನ್ನೆರಡು ವರ್ಷ ಸುಮ್ಮನ ಕುಂದ್ರಾಕ ನಿನ್ನ ಕೈಲೆ ಆಗತೈತೇನ? ಅಲ್ಲಿ ಉಳಿಸಿದ ಮಾತೆಲ್ಲಾ ನನ್ನ ತಲಿ ಮ್ಯಾಲ ಸುರೀತಿ ನೀ" ಎಂದ. ನಾನೂ ನಕ್ಕೆ. ಆದರೆ ಹೆದರಿಕೆಯಾಗಿದೆ, ಸುಳ್ಳೇಕೆ ಹೇಳಲಿ.

ಇಲ್ಲಿಯವರೆಗಿನದು ವಾದ. ಇನ್ನು ಬರೆಯುವುದು ವಾದವಲ್ಲ.

ತೋರಣಗೇರಿಯ ನಡುವೆ ಒಂದು ಹಳ್ಳ ಹರಿಯುತ್ತದೆ. ಚಾವಡಿ, ದವಾಖಾನೆ, ಹಿಟ್ಟಿನ ಗಿರಣಿ ಎಲ್ಲವೂ ಈಚೆ ದಂಡೆಯಲ್ಲಿವೆ. ನಮ್ಮ ಎಂಬತ್ತು ಮನೆ ಆಚೆ ದಂಡೆಯಲ್ಲಿವೆ. ಮಳೆಗಾಲದಲ್ಲಿ ದಾಟಲು ಕಲ್ಲಿನ ಸಾಲು ಬಿಟ್ಟರೆ ಏನೂ ಇಲ್ಲ. ಒಂದು ಕಾಲುಸೇತುವೆ ಬೇಕೆಂದು ನನ್ನ ಅವ್ವ ಮೂವತ್ತನಾಲ್ಕು ವರ್ಷದ ಹಿಂದೆ ಅರ್ಜಿ ಕೊಟ್ಟಳು. ಅದು ಅರವತ್ತೆಂಟು ಸಲ ಸಾಗಿದೆ. ಅವ್ವ ತೀರಿಕೊಂಡಳು, ಅರ್ಜಿ ಇನ್ನೂ ಇದೆ. ಸೇತುವೆಯೇನು ಹಿಮಾಲಯದ ಕೆಲಸವಲ್ಲ. ನಮ್ಮ ಕಾಲದಲ್ಲಿ ಜೋಡುಸೇತುವೆ ಎಂದು ಬರುತ್ತದೆ, ಅದರ ತುಂಡುಗಳು ವಾರ್ಡಿನ ಉಗ್ರಾಣದಲ್ಲಿ ಸಿದ್ಧವಾಗಿಯೇ ಬಿದ್ದಿರುತ್ತವೆ. ಹನ್ನೊಂದು ದಿನದಲ್ಲಿ ಜೋಡಿಸಬಹುದು. ಹೂಂ ಎನ್ನಲು ಒಬ್ಬರು ಬೇಕು.

ಎರಡು ವರ್ಷದ ಹಿಂದೆ ಯುಗಾದಿಯಲ್ಲಿ ನನ್ನ ಚೀಟಿ ಬಂತು. ಮೂರನೆಯ ವಾರ ಆ ಕಡತ ನನ್ನ ಮುಂದೆಯೇ ಬಂತು. ಒಳಗೆ ಅವ್ವನ ಅಕ್ಷರ. ಉಳಿದ ಆರು ಜನ, ನೀವು ಆ ದಂಡೆಯವರು, ನಿಮಗೆ ತಿಳಿಯುತ್ತದೆ, ನೀವೇ ಬರೆಯಿರಿ ಎಂದರು. ನಾನು ಏನು ಯೋಚಿಸಿದೆ ಗೊತ್ತೇ? ಉತ್ತರದ ದಿನ ಜನ ಏನನ್ನುತ್ತಾರೆ ಎಂದು ಯೋಚಿಸಿದೆ. "ತನ್ನ ಮನಿ ಮುಂದ ಸೇತುವೆ ಹಾಕಿಸಿಕೊಂಡ್ಳು ನೋಡ್ರಿ" ಎನ್ನುತ್ತಾರೆ ಎಂದುಕೊಂಡೆ. ನಾನು ಬೀಜದ ಮನೆಯವಳು. ಊರಿನ ಬಿತ್ತನೆ ಬೀಜವೆಲ್ಲ ನನ್ನ ಕೈಯಲ್ಲಿರುತ್ತದೆ. ಒಂದು ಹಿಡಿ ಬೀಜ ಆಚೀಚೆ ಮಾಡಿದವಳಲ್ಲ ಎಂಬ ಹೆಸರು ನನಗಿದೆ, ಆ ಹೆಸರಿನ ಮೇಲೆ ನನಗೆ ಬಹಳ ಆಸೆ. ಮುಂದಿನ ಪಾಳಿಗೆ ಎಂದು ಬರೆದು, ಸಂಖ್ಯೆ ಹಾಕಿ, ದಾರ ಸುತ್ತಿದೆ. ಎಂಥ ನಿಸ್ಪೃಹಳು ನಾನು ಎಂದು ನನಗೇ ಹೆಮ್ಮೆಯಾಯಿತು. ಆ ಮಧ್ಯಾಹ್ನ ಎರಡು ರೊಟ್ಟಿ ಹೆಚ್ಚಿಗೆ ಉಂಡೆ.

ಭಾದ್ರಪದದಲ್ಲಿ ಹಳ್ಳ ಬಂತು. ನಮ್ಮ ಓಣಿಯ ಫಕ್ಕೀರಪ್ಪ ಗಿರಣಿಯಿಂದ ಜೋಳದ ಹಿಟ್ಟಿನ ಚೀಲ ಹೊತ್ತು ಕಲ್ಲಿನ ಮೇಲೆ ದಾಟುತ್ತಿದ್ದ. ಚೀಲ ನೆನೆಯಬಾರದೆಂದು ತಲೆಯ ಮೇಲೆ ಎತ್ತಿ ಹಿಡಿದಿದ್ದನಂತೆ. ಮರುದಿನ ಎರಡು ಹರದಾರಿ ಕೆಳಗೆ ಸಿಕ್ಕ.

ಅವನ ಹೆಂಡತಿ ಗೌರವ್ವನನ್ನು ನಾನು ದೊಡ್ಡವ್ವ ಎನ್ನುತ್ತೇನೆ. ಅವಳ ಮನೆ ನಮ್ಮ ಮನೆಯಿಂದ ನಾಲ್ಕನೆಯದು. ಅಂದಿನಿಂದ ನಾನು ಹೋದಾಗಲೆಲ್ಲ ಅವಳದು ಒಂದೇ ಮಾತು. "ಡಬ್ಬ್ಯಾಗ ಇನ್ನೂ ಎರಡು ಸೇರು ಹಿಟ್ಟ ಇತ್ತವಾ ಸಾವಂತ್ರಿ. ಎರಡು ದಿನ ಸಾಕಾಗ್ತಿತ್ತು. ನಾನೇ ಕಾಡಿ ಕಳಿಸಿದ್ನಿ. ನಾನೇ ಕೊಂದ್ನಿ ಅವನ್ನ." ನಾನು ಅವಳ ಕೈ ಹಿಡಿದುಕೊಂಡು ನಿನ್ನ ತಪ್ಪಲ್ಲ ದೊಡ್ಡವ್ವ ಎನ್ನುತ್ತೇನೆ. ಯಾರ ತಪ್ಪು ಎಂದು ಹೇಳಿಲ್ಲ. ಕಡತದಲ್ಲಿ ಹೆಸರಿಲ್ಲ, ಸಂಖ್ಯೆ ಇದೆ. ಸಾಗಹಾಕಿದ್ದಕ್ಕೆ ಉತ್ತರದ ದಿನ ಯಾರೂ ನನ್ನನ್ನು ಕೇಳಲಿಲ್ಲ. ಎಲ್ಲ ಕಾನೂನು ಪ್ರಕಾರವೇ ಆಯಿತು. ಆ ಬಡಪಾಯಿ ಹೆಂಗಸು ಮಾತ್ರ ನನ್ನ ಪಾಲಿನದನ್ನೂ ತಾನೇ ಹೊತ್ತುಕೊಂಡು ಕೂತಿದ್ದಾಳೆ. ನನಗೆ ನಾಚಿಕೆಯಾಗುತ್ತದೆ. ಈ ತಿದ್ದುಪಡಿ ನನಗೆ ಹೊಳೆದದ್ದು ಬುದ್ಧಿಯಿಂದಲ್ಲ, ಈ ನಾಚಿಕೆಯಿಂದ.

ಪತ್ರಗಳನ್ನು ಪರಿಶೀಲಿಸುವ ಚಂದ್ರಾಮ ಮಾಸ್ತರರು ನಿನ್ನೆ ಇಲ್ಲಿಯವರೆಗಿನದನ್ನು ಓದಿದರು. ಫಕ್ಕೀರಪ್ಪನ ವಿಷಯದ ಮೇಲೆ ಬೆರಳಿಟ್ಟು, "ಅಕ್ಕಾರ, ಇದನ್ನ ತಗದು ಬಿಡ್ರಿ. ಗೆಲ್ಲೂ ಮಾತೆಲ್ಲಾ ಮ್ಯಾಲೇ ಬಂದೈತಿ. ಇದು ಸೋಲೂ ಮಾತು" ಎಂದರು. ಒಳ್ಳೆಯ ಮನಸ್ಸಿನಿಂದಲೇ ಹೇಳಿದರು. ರಾತ್ರಿಯಿಡೀ ನಿದ್ದೆ ಬರಲಿಲ್ಲ. ಬೆಳಿಗ್ಗೆ ತೆಗೆಯದಿರಲು ನಿಶ್ಚಯಿಸಿದೆ. ಸಾಗಹಾಕಿದವರು ಹೆಸರು ಹೇಳಲಿ ಎಂದು ಊರಿಗೆಲ್ಲ ಹೇಳುವವಳು ತನ್ನದನ್ನು ಅಡಗಿಸಿದರೆ ಅದು ಇನ್ನೊಂದು ಸಾಗಹಾಕುವಿಕೆ ಅಷ್ಟೇ.

ಹಿರಿಯರೇ, ನಿಮ್ಮಲ್ಲಿ ಒಂದು ಬಿನ್ನಹ. ಕೆಟ್ಟವರನ್ನು ಕುರ್ಚಿಯಿಂದ ಇಳಿಸುವ ದಾರಿಯನ್ನು ನೀವು ಮತ್ತು ನಿಮ್ಮ ಮಕ್ಕಳು ಹುಡುಕುತ್ತೀರಿ, ಹುಡುಕಿ. ಆದರೆ ಒಳ್ಳೆಯವರು ಸುಮ್ಮನೆ ಕೂತಿದ್ದಕ್ಕೂ ಲೆಕ್ಕ ಕೇಳುವ ಒಂದು ಸಾಲನ್ನು ನಿಮ್ಮ ಕಾನೂನಿನಲ್ಲಿ ಬರೆದಿಡಿ. ನಿಮಗೆ ಹೊಳೆಯದೆ ಹೋದದ್ದಕ್ಕೆ ನಾನು ಬೈಯುವುದಿಲ್ಲ. ಕಡತ ಕೈಯಲ್ಲಿದ್ದಾಗ ನನಗೂ ಹೊಳೆಯಲಿಲ್ಲ.

ಭಾನುವಾರ ಇದನ್ನು ಚಾವಡಿಯ ಮುಂದೆ ಓದುತ್ತಾರೆ. ಗೌರವ್ವ ದೊಡ್ಡವ್ವ ಯಾವಾಗಲೂ ಮುಂದಿನ ಸಾಲಿನಲ್ಲೇ ಕೂರುತ್ತಾಳೆ, ಅವಳಿಗೆ ಕಿವಿ ಸ್ವಲ್ಪ ಮಂದ. ನಾಲ್ಕು ನೂರು ಜನರ ನಡುವೆ ಅವಳು ಇದನ್ನು ಮೊದಲ ಸಲ ಕೇಳಬಾರದು. ಈಗ ಮಧ್ಯಾಹ್ನದ ಊಟವಾಗಿರುತ್ತದೆ, ಪಡಸಾಲೆಯಲ್ಲಿ ಒಬ್ಬಳೇ ಇರುತ್ತಾಳೆ. ಇಲ್ಲಿಗೆ ನಿಲ್ಲಿಸುತ್ತೇನೆ. ಅವಳ ಮನೆಗೆ ಹೋಗಿ, ಪಕ್ಕದಲ್ಲಿ ಕೂತು, ಗಟ್ಟಿಯಾಗಿ ಓದಿ ಹೇಳಬೇಕು.

ಸಾವಂತ್ರೆವ್ವ ಕಲ್ಲಿನಾಥ ಗಾಣಿಗೇರ