ಖಾರದ ಮೇಲೆ ರಾಗಿ

ಫೆಬ್ರವರಿ 16, ಭಾನುವಾರ. ಹಿಂದೂಪುರ

ಇವತ್ತು ನಮ್ಮ ಹಿಟ್ಟಿನ ಗಿರಣಿಗೆ ರಜೆ. ಆದರೂ ಕಿವಿಯಲ್ಲಿ ಗುಂಯ್ ಅನ್ನುತ್ತಲೇ ಇದೆ. ಮಿಷನ್ ಸದ್ದಲ್ಲ, ಚಂದ್ರಕಲಾಳ ಪ್ರಾರ್ಥನೆ. ಮೈದುನನ ಹೆಂಡತಿ. ಬಾಯಿ ತೆರೆದರೆ ಜೇನು.

ಕಲ್ಯಾಣದುರ್ಗದವರು ನಮ್ಮ ಮಗಳು ಸುಷ್ಮಾಳನ್ನು ನೋಡಿ ಮದುವೆಗೆ ಒಪ್ಪಿದ್ದರು. ಇವತ್ತು ನಮ್ಮ ಜೊತೆ ಚರ್ಚಿನ ಆರಾಧನೆಗೆ ಬಂದು ಮುಂದಿನ ಸಾಲಿನಲ್ಲೇ ಕೂತಿದ್ದರು. ಚಂದ್ರಕಲಾ ಮೈಕ್ ಹಿಡಿದಳು, ಕಣ್ಣು ಮುಚ್ಚಿದಳು. “ಪ್ರಭುವೇ, ನಮ್ಮ ರೇವತಕ್ಕನ ಕೋಪ ತೆಗ್ದಾಕಪ್ಪಾ. ಸುಷ್ಮಂಗೆ ಚಿಕ್ಕೋಳಿದ್ದಾಗ ಬತ್ತಿದ್ದ ಫಿಟ್ಸು ಇನ್ ಮ್ಯಾಲೆ ಬರ್ದಂಗೆ ಕಾಪಾಡಪ್ಪಾ.” ನನ್ನ ಕೋಪ, ನನ್ನ ಮಗಳ ಫಿಟ್ಸ್! ಸ್ಪೀಕರ್ ಹೊರಗೂ ಇದೆ. ಬೀದಿಗೆಲ್ಲ ಕೇಳಿತು. ಎಲ್ಲರೂ ಆಮೆನ್ ಅಂದರು. ಅಭ್ಯಾಸ ಬಲ... ನಾನೂ ಅಂದುಬಿಟ್ಟೆ!

ಫಿಟ್ಸ್ ನಿಂತು ಎಷ್ಟೋ ವರ್ಷವಾಯಿತು. ದೇವರಿಗೆ ಗೊತ್ತಿಲ್ಲವೇ? ಮೈಕಿನಲ್ಲೇ ಹೇಳಬೇಕಿತ್ತೇ?

ಫೆಬ್ರವರಿ 18, ಮಂಗಳವಾರ

ಹುಡುಗನ ತಾಯಿ ಮುತ್ಯಾಲಮ್ಮನ ಫೋನ್. “ಸ್ವಲ್ಪ ಆಲೋಚ್ನೆ ಮಾಡ್ಬೇಕು ಕಣಮ್ಮ.” ಅಷ್ಟೇ. ಸುಷ್ಮಾ ಊಟ ಬಿಟ್ಟು ಎದ್ದಳು. ಹುಡುಗ ಅವಳಿಗೆ ಇಷ್ಟವಾಗಿದ್ದ.

ಸಂಜೆ ಪಾಸ್ಟರ್ ಬಂದರು. ಸಾತ್ವಿಕತೆ, ಸಹನೆ, ಕ್ಷಮೆ... ಶಾಂತರಿಗೆ ಭೂಮಿಯೆಲ್ಲ ಸಿಗುತ್ತದಂತೆ. “ನಂಗೆ ಭೂಮಿ ಬ್ಯಾಡ ಅಯ್ಯಾ, ನನ್ ಮಗಳ್ ಮದ್ವೆ ಆಗ್ಲಿ ಸಾಕು” ಅಂದೆ. “ಮೆಲ್ಲುಕ್ ಮಾತಾಡೇ” ಅಂದರು ನಮ್ಮವರು. ಗಿರಣಿಯಲ್ಲಿ ಮೆಲ್ಲಗೆ ಮಾತಾಡಿದರೆ ಯಾರಿಗೆ ಕೇಳುತ್ತದೆ?

ಫೆಬ್ರವರಿ 28, ಶುಕ್ರವಾರ

ಶುಕ್ರವಾರ ಖಾರದ ದಿನ. ಮೆಣಸಿನಕಾಯಿ ಬೀಸಿದ ಮೇಲೆ ಒಂದಿಷ್ಟು ಜೋಳ ಓಡಿಸಿ ಕಲ್ಲು ಚೊಕ್ಕ ಮಾಡಬೇಕು. ಆಮೇಲೆ ಬೇರೆ ಹಿಟ್ಟು. ಚಂದ್ರಕಲಾ ರಾಗಿ ಡಬ್ಬ ಇಟ್ಟು “ಸಂಜಿಕ್ ಬತ್ತೀನಕ್ಕಾ” ಎಂದು ಹೋದಳು. ಏನೂ ಆಗಿಲ್ಲವೆಂಬಂತೆ!

ಜೋಳ ಹಾಕಲಿಲ್ಲ. ಖಾರದ ಕಲ್ಲಿಗೆ ಅವಳ ರಾಗಿ ನೇರವಾಗಿ ಸುರಿದೆ. ತಿನ್ನಲಿ. ಹಿತವಾಯಿತು. ತುಂಬಾ ಹಿತವಾಯಿತು.

ಮಾರ್ಚ್ 2, ಭಾನುವಾರ

ಇವತ್ತು ಚರ್ಚಿನಲ್ಲಿ ಪ್ರಭುಭೋಜನ, ರೊಟ್ಟಿ-ದ್ರಾಕ್ಷಾರಸ ಕೊಡುವ ದಿನ. ಸಿಟ್ಟು ಇಟ್ಟುಕೊಂಡು ಆ ಮೇಜಿಗೆ ಹೋಗಬಾರದು. ಹೋಗಲಿಲ್ಲ. ಎಲ್ಲರೂ ತಿರುಗಿ ನೋಡಿದರು. ನೋಡಲಿ.

ಹೊರಗೆ ಅತ್ತೆ ಸಿಕ್ಕರು. ಅವರಿರುವುದು ಚಂದ್ರಕಲಾಳ ಮನೆಯಲ್ಲಿ. ತುಟಿ ಊದಿಕೊಂಡಿದೆ. “ಮುದ್ದೆ ಒಂದೇ ಉರಿ ಕಣಮ್ಮ. ನಿನ್ ಮಿಷನ್ನಿಗ್ ಕೊಡು ಅಂದ್ರೆ ಇವ್ಳು ಇನ್ನೆಲ್ಲೋ ಬೀಸ್ಕೊಂಡ್ ಬಂದ್ಬುಟ್ಟವ್ಳೆ.” ಚಂದ್ರಕಲಾ ಪಕ್ಕದಲ್ಲೇ ಇದ್ದಳು. ತಲೆ ತಗ್ಗಿಸಿ ಬೈಸಿಕೊಂಡಳು. ನನ್ನ ಹೆಸರು ಹೇಳಲಿಲ್ಲ.

ಅತ್ತೆಯ ಬಾಯಿ ಸುಡಬೇಕೆಂದು ನನಗಿರಲಿಲ್ಲ. ಆದರೆ ನನ್ನನ್ನು ಕಾಪಾಡು ಎಂದು ಇವಳನ್ನು ಯಾರು ಕೇಳಿದ್ದರು? ಮೈಯೆಲ್ಲ ಉರಿಯುತ್ತಿದೆ.

ಮಾರ್ಚ್ 4, ಮಂಗಳವಾರ. ಕಲ್ಯಾಣದುರ್ಗ ಬಸ್ ಸ್ಟ್ಯಾಂಡ್

ಬಸ್ಸಿಲ್ಲ. ಕಾಯುತ್ತಾ ಬರೆಯುತ್ತಿದ್ದೇನೆ. ಮುತ್ಯಾಲಮ್ಮನ ಮನೆಗೆ ಹೋದದ್ದು ಜಗಳಕ್ಕೇ. ಫಿಟ್ಸ್ ಯಾವತ್ತೋ ನಿಂತಿದೆ, ಬೇಕಾದರೆ ಡಾಕ್ಟರನ್ನು ಕೇಳಿ ಎಂದು ಕೂಗಾಡಿದೆ. ಮುತ್ಯಾಲಮ್ಮ ಪೂರ್ತಿ ಕೇಳಿ, ಟೀ ಕೊಟ್ಟು ಹೇಳಿದರು: “ಫಿಟ್ಸಿಗೆ ಮಾತ್ರೆ ಐತೆ ಕಣಮ್ಮ. ನಿಮ್ ಬಾಯಿಗೆ ಏನೈತೆ? ನಮ್ಗೆ ಭಯ ಆಗಿರೋದು ಅದ್ಕೆ.”

ನಾಲಿಗೆ ತುದಿಗೆ ಏನೇನೋ ಬಂತು. ಟೀ ಜೊತೆ ನುಂಗಿದೆ. ಗಂಟಲು ಸುಟ್ಟಿತು. “ನಿಜಾನೇ ಅಮ್ಮ” ಅಂದೆ. ನನ್ನ ಸ್ವರ ನನಗೇ ಕೇಳಿಸಲಿಲ್ಲ.

“ಭಾನ್ವಾರ ಆರಾಧ್ನೆಗೆ ಬತ್ತೀವಿ. ಮೈಕಿನಾಗೆ ಪ್ರಾರ್ಥ್ನೆ ಮಾಡಿದ್ ಆಯಮ್ಮನ ಪಕ್ಕದಾಗೆ ನೀವು ಕುಂತಿರಿ. ಆಮ್ಯಾಲೆ ಮಾತಾಡಾನ.”

ಅವಳ ಪಕ್ಕದಲ್ಲಿ! ಅದರ ಬದಲು ಹಿಂದೂಪುರಕ್ಕೆ ನಡೆದುಕೊಂಡು ಹೋಗು ಅಂದಿದ್ದರೆ ಹೋಗುತ್ತಿದ್ದೆ.

ಮಾರ್ಚ್ 7, ಶುಕ್ರವಾರ. ಮಧ್ಯಾಹ್ನ, ಗಿರಣಿಯಲ್ಲಿ

ಕರೆಂಟ್ ಹೋಗಿದೆ. ಚಂದ್ರಕಲಾ ಹೊರಗೆ ಕಟ್ಟೆಯ ಮೇಲೆ ಕೂತಿದ್ದಾಳೆ. ಮತ್ತೆ ರಾಗಿ ತಂದಿದ್ದಾಳೆ. ಖಾರದ ದಿನವೇ, ನನ್ನ ಗಿರಣಿಗೇ. ಧೈರ್ಯವೋ, ಪೆದ್ದುತನವೋ.

ನೋಡಿದ ಕೂಡಲೇ ಸಿಟ್ಟು ಬಂತು. ಹೋಗಿಲ್ಲ ಪ್ರಭುವೇ, ಇನ್ನೂ ಹೋಗಿಲ್ಲ. ಆದರೂ ನಮ್ಮ ಮನೆಯ ಜೋಳ ತಂದು ಓಡಿಸಿದೆ, ಹಿಟ್ಟಿನ ಕೆಂಪು ಹೋಗುವವರೆಗೆ. ಅವಳು ನೋಡುತ್ತಿದ್ದಳು. ಇನ್ನೇನು ಅವಳ ಕೈಯಿಂದ ರಾಗಿ ಡಬ್ಬ ತೆಗೆದುಕೊಳ್ಳಬೇಕು, ಕರೆಂಟ್ ಹೋಯಿತು.

“ಅಕ್ಕಾ, ಆವತ್ತು ಮೈಕಿನಾಗೆ... ಹಂಗ್ ಹೇಳ್ಬಾರ್ದಿತ್ತು. ತಪ್ಪಾಯ್ತು ಕಣಕ್ಕಾ.”

ಕೇಳಲಿಲ್ಲ ಎನ್ನಲು ಮಿಷನ್ ಸದ್ದೂ ಇಲ್ಲ. ಒಳಗೆ ಬಂದು ಇದನ್ನು ಗೀಚುತ್ತಾ ಕೂತಿದ್ದೇನೆ. ಅವಳು ತನ್ನ ತಪ್ಪು ಹೇಳಿದಳು. ಅತ್ತೆಯ ಬಾಯಿ ಸುಟ್ಟವಳು ನಾನು, ಬೈಸಿಕೊಂಡವಳು ಅವಳು. ಅದನ್ನು ನಾನು ಹೇಳಬೇಕು. ಬೈಗುಳವಾದರೆ ಎಷ್ಟು ಸಲೀಸಾಗಿ ಬರುತ್ತದೆ...

ಕರೆಂಟ್ ಬಂತು. ಚಂದ್ರಕಲಾ ಡಬ್ಬ ಎತ್ತಿಕೊಂಡು ಬಾಗಿಲಿಗೆ ಬಂದಳು. ಈಗ ಸ್ವಿಚ್ ಹಾಕಿಬಿಟ್ಟರೆ ಮಾತೇ ಬೇಕಿಲ್ಲ. ಹಾಕುವ ಮೊದಲೇ ಹೇಳಿಬಿಡುತ್ತೇನೆ —